ಬಾವಿಯ ತಳಕ್ಕೆ ತೂಬಿನ ಗೂಟ

ನನ್ನ ಮೊಮ್ಮಗಳು ನೀರು ಹಾಕುವಾಗ ಅಳುವುದಿಲ್ಲ. ಕಾಲು ಚಾಚಿ ಕೂತು, ಅವಳನ್ನು ನನ್ನ ಮೊಣಕಾಲ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಬಿಸಿನೀರು ಸುರಿದರೆ ಸಾಕು, ಕತ್ತು ಒಂದು ಕಡೆಗೆ ವಾಲಿಸಿ ಏನನ್ನೋ ಕೇಳಿಸಿಕೊಳ್ಳುವವಳ ಹಾಗೆ ಸುಮ್ಮನಾಗುತ್ತಾಳೆ. ಎಲ್ಲ ಮಕ್ಕಳೂ ಹಾಗೇ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಓಣಿಯ ಎಷ್ಟೋ ಕೂಸುಗಳಿಗೆ ನೀರು ಹಾಕಿದ ಕೈ ಇದು. ನೀರಿನ ಮಾತು ಕೇಳುವ ಕೂಸನ್ನು ನಾನು ಇದೊಂದೇ ಕಂಡದ್ದು. ಅಜ್ಜಿಯಾದವಳ ಮಾತು, ಸ್ವಲ್ಪ ಕಳೆದೇ ಓದಿ.

ಅವಳು ಇಲ್ಲಿಗೆ ಬಂದಾಗ ಹಾಕುವ ಆ ನೀರು ನಮ್ಮ ಹೊಲದ ಬಾವಿಯದು. ಅದು ಹೇಗೆ ಬಂತು ಎಂಬುದನ್ನು ಬರೆದಿಡಬೇಕು ಅನ್ನಿಸಿದೆ. ನಾನು ಓದಿದ್ದು ನಾಲ್ಕನೆಯ ಕ್ಲಾಸು. ಕಾಗುಣಿತ ತಪ್ಪಿದ ಕಡೆ ಮಗಳು ತಿದ್ದಿದ್ದಾಳೆ, ಮಾತನ್ನು ಮಾತ್ರ ತಿದ್ದಬೇಡವೆಂದು ಹೇಳಿದ್ದೇನೆ.

ನಾನೂ ನಮ್ಮ ಯಜಮಾನರೂ ಬಾವಿ ಕೆಲಸದವರು. ಹೊಸ ಬಾವಿಯನ್ನು ಈಗ ಯಾರೂ ತೋಡಿಸುವುದಿಲ್ಲ. ಹಳೆಯದರ ಹೂಳು ಎತ್ತುವುದು, ಕುಸಿದ ಒಳಗೋಡೆ ನಿಲ್ಲಿಸುವುದು, ಬಿದ್ದ ಮೋಟರ್ ತೆಗೆಯುವುದು, ಇಷ್ಟೇ. ಶ್ರೀರಾಂಪುರ, ಹೊಳಲ್ಕೆರೆ ಕಡೆಯಿಂದಲೂ ಕರೆ ಬರುತ್ತದೆ. ಆದರೆ ಬಾಗೂರಿನ ಹತ್ತಿರ ಇರುವ ನಮ್ಮದೇ ಪಾಲಿನ ಬಾವಿ ಒಣಗಿ ಬಿದ್ದಿತ್ತು. ಅದರೊಳಗೆ ಆಲದ ಸಸಿ ಬೆಳೆದು, ಪಾರಿವಾಳ ಸಂಸಾರ ಹೂಡಿದ್ದವು. ಊರಿಗೆಲ್ಲ ತಲೆ ಬಾಚುವವಳ ತಲೆ ಸಿಕ್ಕುಗಟ್ಟಿದ ಹಾಗೆ.

ಮಗಳು ಮೊದಲ ಬಾಣಂತನಕ್ಕೆ ಬಂದಳು. ಹೊಸದುರ್ಗದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ನನ್ನ ಕೈಗೆ ಕೊಟ್ಟಾಗ ನನಗೆ ಏನಾಯಿತೆಂದು ಬರೆಯಲು ನನ್ನ ನಾಲ್ಕನೆಯ ಕ್ಲಾಸು ಸಾಲದು. ಬಂಡೆಯಲ್ಲಿ ಮೊದಲ ಸೆಲೆ ಒಡೆದಾಗ ಮುಖಕ್ಕೆ ಒಂದು ತಣ್ಣನೆ ಗಾಳಿ ಬಡಿಯುತ್ತದೆ, ಬಾವಿ ತೋಡಿದವರಿಗೆ ಗೊತ್ತು. ಹಾಗಾಯಿತು.

ಹೆಸರಿಡುವ ದಿನ ಬೀಗರು ಬಬ್ಬೂರಿನಿಂದ ಬಂದರು. ಅಳಿಯನ ತಾಯಿ, ನನ್ನ ಬೀಗಿತ್ತಿ, ಒಳ್ಳೆಯ ಹೆಂಗಸು. ಅವರ ಕಡೆ ಮಾರಿಕಣಿವೆಯ ಕಾಲುವೆ ನೀರು. ನೀರು ಇದ್ದ ಕಡೆಯವರ ಮಾತಿಗೆ ಒಂದು ಜಂಬ ತಾನಾಗಿ ಬರುತ್ತದೆ, ಅದು ಅವರ ತಪ್ಪಲ್ಲ. ಎಲೆ ಅಡಿಕೆ ಮಡಚುತ್ತಾ ಗಂಗೆ ಪೂಜೆಯ ಮಾತು ತೆಗೆದರು.

ನಮ್ಮ ಕಡೆ ಬಾಣಂತಿ ಗಂಗೆ ಪೂಜೆ ಮಾಡುವ ತನಕ ಬಾವಿ ಮುಟ್ಟುವ ಹಾಗಿಲ್ಲ, ನೀರಿನ ಕೊಡ ಹೊರುವ ಹಾಗಿಲ್ಲ. ಬಾಣಂತನ ಮುಗಿದು ಗಂಡನ ಮನೆಗೆ ಹೊರಡುವ ಮುಂಚೆ ತವರಿನ ಬಾವಿಯ ಕಟ್ಟೆಯ ಮೇಲೆ ಕಲ್ಲಿಟ್ಟು, ಅರಿಸಿನ ಕುಂಕುಮ ಹಚ್ಚಿ, ನೆನೆಗಡಲೆ ಇಟ್ಟು, ಒಂದು ಕೊಡ ಸೇದಿ ತುಂಬಿದ ಕೊಡದೊಂದಿಗೆ ಮನೆಗೆ ಬರಬೇಕು. ಈಗೀಗ ಎಲ್ಲರೂ ಮನೆ ಮುಂದಿನ ನಲ್ಲಿಗೇ ಹೂವು ಏರಿಸಿ ಮುಗಿಸುತ್ತಾರೆ.

“ಪೂಜೆ ನಮ್ಮೂರಾಗೇ ಮಾಡಾಣ ಬಿಡ್ರಿ, ನಮ್ ಕಡೆ ನೀರೈತೆ,” ಎಂದರು ಬೀಗಿತ್ತಿ.

“ತವರಿನ ಬಾವಿ ಐತಲ್ಲ್ರೀ,” ಎಂದೆ.

“ಬಾವಿ ಐತೆ ಬಿಡ್ರಿ, ನೋಡೀನಿ. ಹಗ್ಗ ಬಿಟ್ರೆ ಪಾರಿವಾಳ ಬತ್ತವೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಗಳು ಮಾತ್ರ ನಗಲಿಲ್ಲ. ಬೀಗರು ಹೋದ ಮೇಲೆ ಕೂಸಿಗೆ ಹಾಲು ಕುಡಿಸುತ್ತಾ, ನನ್ನ ಕಡೆ ನೋಡದೇ ಅಂದಳು: “ಊರಿನ ಬಾವಿಗೆಲ್ಲ ನೀರು ತರ್ಸಿದೋಳು ನೀನು. ನನ್ ಕೈಲಿ ನಲ್ಲಿಗೆ ಪೂಜೆ ಮಾಡ್ಸ್ತೀಯೇನವ್ವ?”

ಅವಳು ಬಾಲ್ಯದಲ್ಲಿ ಇದು ಬೇಕು ಅದು ಬೇಕು ಎಂದು ಹಟ ಮಾಡಿದವಳೇ ಅಲ್ಲ. ನಾವು ಬಾವಿಯೊಳಗೆ ಇದ್ದರೆ ಮೇಲೆ ಮರದ ನೆರಳಿನಲ್ಲಿ ಒಬ್ಬಳೇ ಆಡಿಕೊಂಡು ಬೆಳೆದವಳು. ಈಗ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಅವಳು ಕೇಳಿದ್ದು ಅದೊಂದೇ. ಸಂಕ್ರಾಂತಿ ಕಳೆದ ಮೇಲೆ ಪೂಜೆ, ಆಮೇಲೆ ಬಬ್ಬೂರಿಗೆ ಹೊರಡುವುದು ಎಂದಾಗಿತ್ತು. ಅಷ್ಟರಲ್ಲಿ ಬಾವಿಯಲ್ಲಿ ನೀರು ನಿಲ್ಲಬೇಕು, ಇಷ್ಟೇ ನನ್ನ ತಲೆಯಲ್ಲಿ.

ನಿಲ್ಲುವ ನಂಬಿಕೆಯೂ ಇತ್ತು. ಆ ವರ್ಷ ಮಳೆ ಕೈ ಬಿಡಲಿಲ್ಲ, ಮಾರಿಕಣಿವೆಯ ಡ್ಯಾಮು ಕೋಡಿ ಹರಿದಿತ್ತು, ನಮ್ಮೂರ ಕೆರೆ ಕಣ್ಣು ತುಂಬಿಕೊಂಡ ಹಾಗೆ ನಿಂತಿತ್ತು. ಕೆರೆಯ ಹಿಂದಿನ ಹೊಲ ನಮ್ಮದು. ಅಕ್ಕಪಕ್ಕದ ಬಾವಿಗಳ ತಳದಲ್ಲಿ ನೀರು ಹೊಳೆಯುತ್ತಿತ್ತು. ನಮ್ಮ ಬಾವಿ ಮಾತ್ರ ಒಣ ಹೊಟ್ಟೆ. ಹೂಳು ಕಟ್ಟಿ ಸೆಲೆ ಮುಚ್ಚಿರಬೇಕು, ಎತ್ತಿದರೆ ಸರಿಹೋಗುತ್ತದೆ ಎಂದುಕೊಂಡೆವು.

ಬಾವಿಗೆ ಇಬ್ಬರು ಪಾಲುದಾರರು: ನಮ್ಮ ಯಜಮಾನರು, ಅವರ ತಮ್ಮ, ಅಂದರೆ ನನ್ನ ಮೈದುನ. ಮೈದುನ ಪಕ್ಕದಲ್ಲೇ ಹೊಸದಾಗಿ ದಾಳಿಂಬೆ ಇಟ್ಟಿದ್ದ. ಕೇಳಿದ್ದಕ್ಕೆ ಹೂಳೆತ್ತಲು ಅವನೂ ಒಪ್ಪಿದ. ಬಾವಿಯೊಳಗೇ ಬೋರು ಕೊರೆಸಬೇಕೆಂದು ಅವನಿಗೆ ಮೊದಲೇ ಇತ್ತು. ಹೊಳಲ್ಕೆರೆ ಕಡೆ ಕೊರೆಯುತ್ತಿದ್ದ ಗಾಡಿಯವರಿಗೆ ಹೇಳಿಯೂ ಇಟ್ಟಿದ್ದ. ಅವರು ಸಂಕ್ರಾಂತಿ ಹೊತ್ತಿಗೆ ಈ ಕಡೆ ಬರುವವರು. ಹೂಳು ತೆಗೆದರೆ ಕೊರೆಯುವವರಿಗೂ ಅನುಕೂಲ ಎಂಬುದು ಅವನ ಲೆಕ್ಕ.

ಕಾರ್ತಿಕದಲ್ಲಿ ಕೆಲಸ ಹಿಡಿದೆವು. ಹಳೆಯ ಬಾವಿಗೆ ಇಳಿಯುವ ಮುಂಚೆ ಅದರ ಉಸಿರು ನೋಡಬೇಕು. ಒಂದು ದೀಪ ಹಚ್ಚಿ ಹಗ್ಗದಲ್ಲಿ ಇಳಿಬಿಟ್ಟೆವು. ಅರ್ಧ ದಾರಿಯಲ್ಲಿ ಸೊರಗಿ ಆರಿತು. ಬೇವಿನ ಸೊಪ್ಪಿನ ದೊಡ್ಡ ಕಟ್ಟನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಮೇಲೆ ಕೆಳಗೆ ಆಡಿಸುತ್ತಾ ಕೆಟ್ಟ ಗಾಳಿಯನ್ನು ಕಲಕಿ ಹೊರಗೆ ಹಾಕಿದೆವು. ಮತ್ತೆ ದೀಪ ಬಿಟ್ಟಾಗ ತಳ ಮುಟ್ಟಿದರೂ ಆರಲಿಲ್ಲ, ಕೆಳಗೆ ಒಂದು ನಕ್ಷತ್ರ ಕೂತ ಹಾಗೆ ಕಾಣಿಸಿತು. ಆಮೇಲೆ ಇಳಿದೆ. ಮೇಲೆ ನನಗೆ ಮೊಣಕಾಲು ನೋವು, ಬಾವಿಯೊಳಗೆ ಇಳಿದರೆ ಇಲ್ಲ. ಡಾಕ್ಟರಿಗೆ ಹೇಳಿದರೆ ನಗುತ್ತಾರೆ.

ರಾಟೆಗೆ ಹಗ್ಗ ಹಾಕಿ ಯಜಮಾನರು, ಜೊತೆಗೆ ಇಬ್ಬರು ಆಳುಗಳು ಮೇಲೆ ಎಳೆಯುತ್ತಿದ್ದರು. ಕೆಳಗೆ ನಾನು ಟೈರಿನ ಬುಟ್ಟಿಗೆ ತುಂಬುತ್ತಿದ್ದೆ. ಕರಿ ಹೂಳಿನಲ್ಲಿ ಏನೇನು ಸಿಕ್ಕಿತೋ. ಗಣಪತಿಯ ಸೊಂಡಿಲು, ಹಾವಿನ ಪೊರೆ, ಯಾರದೋ ಒಂಟಿ ಚಪ್ಪಲಿ. ಸೊಟ್ಟಗಾದ ಒಂದು ಹಿತ್ತಾಳೆ ಬಿಂದಿಗೆ ಸಿಕ್ಕಾಗ ಅದು ತಂತಮ್ಮ ಅತ್ತೆಯದೆಂದು ಓಣಿಯ ಇಬ್ಬರು ಹೆಂಗಸರು ಬಂದು ನಿಂತರು. ಯಜಮಾನರು, ಇಬ್ಬರೂ ಕೆಳಗೆ ಇಳಿದು ಒಂದೊಂದು ಬುಟ್ಟಿ ಹೂಳು ತುಂಬ್ರಿ, ಮೊದಲು ಮುಗಿಸಿದೋರಿಗೆ ಬಿಂದಿಗೆ ಎಂದರು. ಇಬ್ಬರೂ ಮನೆಗೆ ಹೋದರು.

ಕೆಳಗೆ ಹೋದ ಹಾಗೆ ಗೋಡೆ ಬದಲಾಗುತ್ತದೆ. ಮೇಲೆ ಕೆಮ್ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ನಾವು ಸುದ್ದೆ ಅನ್ನುವುದು: ಕಲ್ಲು ಕಲ್ಲಾಗಿ ಇರಲಾರದೆ ಪುಡಿಯಾದದ್ದು. ಬೆರಳಲ್ಲಿ ಒತ್ತಿದರೆ ಉದುರುತ್ತದೆ. ಅದಕ್ಕೂ ಕೆಳಗೆ ಕರಿ ಬಂಡೆ. ಸುದ್ದೆ ಮುಗಿದು ಬಂಡೆ ಶುರುವಾಗುವ ಅಂಚಿನಲ್ಲಿ, ಕೆರೆಯ ದಿಕ್ಕಿಗೆ, ಹೂಳು ಕೆರೆದಾಗ ಒಂದು ಜಲದ ಕಣ್ಣು ತೆರೆಯಿತು. ಅದರ ಪಕ್ಕ ಇನ್ನೊಂದು. ನೀರು ಕಲ್ಲಿನ ಮೇಲೆ ಸದ್ದಿಲ್ಲದೆ, ಎದೆಹಾಲು ಜಿನುಗುವ ಹಾಗೆ ಬರುತ್ತಿತ್ತು. ನಾನು ಕೂಗಿದೆ. ಮೇಲಿಂದ ಯಜಮಾನರು ಏನೋ ಅಂದರು, ಬಾವಿಯೊಳಗೆ ಅದು ಮೋಡದ ಮಾತಿನ ಹಾಗೆ ಸುತ್ತಿ ಸುತ್ತಿ ಬಂತು.

ಅವತ್ತು ಮನೆಗೆ ಓಡಿ ಹೋಗಿ, ಕೈಕಾಲು ತೊಳೆದು, ಕೂಸಿನ ಕಿವಿಯಲ್ಲಿ ಮೊದಲು ಹೇಳಿದೆ. ಆಮೇಲೆ ಅವಳ ಅವ್ವನಿಗೆ.

ಬೆಳಗಾಗುವಷ್ಟರಲ್ಲಿ ಪಾದ ಮುಳುಗುವಷ್ಟಾದರೂ ನೀರು ನಿಂತಿರುತ್ತದೆ ಎಂದುಕೊಂಡು ಇಳಿದೆ. ತಳ ಒದ್ದೆ, ಅಷ್ಟೇ. ಜಲದ ಕಣ್ಣುಗಳು ಬಿಡದೆ ಸುರಿಸುತ್ತಿವೆ, ನೀರು ಮಾತ್ರ ಇಲ್ಲ. ಮಾರನೆಯ ದಿನವೂ ಹಾಗೇ. ಬರುವ ನೀರು ಎಲ್ಲಿಗೆ ಹೋಗುತ್ತಿದೆ? ಮೇಲೆ ಬಂದು ಹೇಳಿದರೆ ಮೈದುನ, ಬಿಸಿಲಿಗೆ ಆರಿರಬೇಕು ಅತ್ತಿಗೆ ಅಂದ. ಬಾವಿಯ ತಳಕ್ಕೆ ಬಿಸಿಲು ಬರುವುದೇ ನಡುಮಧ್ಯಾಹ್ನ ಒಂದು ಗಳಿಗೆ.

ಆ ಗಳಿಗೆಯಲ್ಲೇ ನನಗೆ ಅದು ಕಂಡದ್ದು. ಆಳುಗಳು ಬುತ್ತಿಗೆ ಹೋಗಿದ್ದರು. ನಾನು ಕೆಳಗೇ ಉಳಿದು, ಸೆಲೆ ಒಡೆದ ಮೇಲೆ ಮಾಡಬೇಕಾದ ಪೂಜೆ ಮಾಡೋಣವೆಂದು ಸೆರಗಿನ ಗಂಟಿನಿಂದ ಅರಿಸಿನ ಕುಂಕುಮ ತೆಗೆದು ಜಲದ ಕಣ್ಣಿಗೆ ಹಚ್ಚಿದೆ. ಕೈ ಮುಗಿದು ಹಾಗೇ ಬಂಡೆಗೆ ಒರಗಿ ಕೂತೆ. ತಂಪು. ಮೇಲೆ ತಟ್ಟೆಯಷ್ಟು ಆಕಾಶ. ಕಣ್ಣು ಮುಚ್ಚಿತೋ ಇಲ್ಲವೋ, ಬೆನ್ನ ಹಿಂದಿನ ಮಣ್ಣಿನಲ್ಲಿ ಯಾರೋ ಬಹಳ ಜನ ನಡೆದು ಬರುತ್ತಿರುವ ಹಾಗೆ ಅನ್ನಿಸಿತು. ಸಂತೆಗೆ ಹೊರಟ ಮುದುಕಿಯರು. ಅವಸರವಿಲ್ಲ. ಮಣ್ಣಿನ ಒಂದು ಕಾಳಿನ ಸಂದಿಯಿಂದ ಇನ್ನೊಂದು ಸಂದಿಗೆ, ನಿಂತು, ಮಾತಾಡಿ, ಮತ್ತೆ ಹೊರಟು. ಕೆರೆಯಿಂದ ಇಲ್ಲಿಗೆ ನಾನು ಎಲೆ ಅಡಿಕೆ ಹಾಕಿ ಉಗಿಯುವಷ್ಟರಲ್ಲಿ ಬರುತ್ತೇನೆ. ಇವರಿಗೆ ಎಷ್ಟು ತಿಂಗಳು ಬೇಕಾಯಿತೋ. ಮೊನ್ನೆ ನನ್ನ ಮಗಳ ಹೊಟ್ಟೆಯಲ್ಲಿ ಕೂಸು ಬೆಳೆಯುವಾಗ ಬಿದ್ದ ಮಳೆಯೋ, ಅವಳೇ ಕೂಸಾಗಿದ್ದಾಗ ಬಿದ್ದ ಮಳೆಯೋ, ಯಾರು ಹೇಳಬೇಕು? ಎಲ್ಲರ ಸೀರೆಯೂ ಅರಿಸಿನದ ಬಣ್ಣ.

ಕಣ್ಣು ಬಿಟ್ಟೆ. ಅರಿಸಿನ ನಿಜವಾಗಿಯೂ ನಡೆಯುತ್ತಿತ್ತು. ಜಲದ ಕಣ್ಣಿನಿಂದ ಇಳಿದ ಹಳದಿ ಎಳೆ ತಳದ ಬಂಡೆಯ ಮೇಲೆ ಹರಿದು, ತಗ್ಗಿನಲ್ಲಿ ನಿಲ್ಲದೆ, ಮೂಲೆಯ ಕಡೆ ತಿರುಗಿ, ಅಲ್ಲಿ ಒಂದು ಚಪ್ಪಡಿಯ ಕೆಳಗೆ ನುಗ್ಗಿ ಕಾಣೆಯಾಗುತ್ತಿತ್ತು. ಚಪ್ಪಡಿಗೆ ಕಿವಿ ಇಟ್ಟೆ. ಬಹಳ ಆಳದಲ್ಲಿ, ಶಂಖದೊಳಗಿನ ಸದ್ದಿನ ಹಾಗೆ, ನೀರು ಬೀಳುತ್ತಿತ್ತು.

ಯಜಮಾನರನ್ನು ಕರೆದೆ. ಹಾರೆ ಹಾಕಿ ಚಪ್ಪಡಿ ಸರಿಸಿದಾಗ ಕಬ್ಬಿಣದ ಕೊಳವೆಯ ಬಾಯಿ. ನೋಡಿದ ಕೂಡಲೇ ಇಬ್ಬರಿಗೂ ನೆನಪಾಯಿತು. ಹಿಂದೆ, ಮಾವ ಬದುಕಿದ್ದಾಗ, ಬಾವಿಯ ನೀರು ಇಳಿದ ವರ್ಷ ಎಲ್ಲರೂ ಸೇರಿ ಬಾವಿಯ ತಳದಲ್ಲೇ ಬೋರು ಕೊರೆಸಿದ್ದೆವು. ಆಗ ಸುತ್ತಮುತ್ತ ಎಲ್ಲರೂ ಹಾಗೇ ಮಾಡಿದರು. ತೋಡುವ ಆಳ ಉಳಿಯಿತಲ್ಲ ಎಂದು ಖುಷಿ. ಸ್ವಲ್ಪ ಕಾಲ ನೀರು ಕೊಟ್ಟಿತು. ಆಮೇಲೆ ನಿಂತಾಗ ಮೋಟರ್ ಎತ್ತಿ, ಬಾಯಿಗೆ ಚಪ್ಪಡಿ ಮುಚ್ಚಿ ಮರೆತೆವು. ನೀರು ಹತ್ತಿ ಬರುವ ದಾರಿ ಇಳಿದು ಹೋಗುವ ದಾರಿಯೂ ಆದೀತು ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

ಮನೆಯಲ್ಲಿ ಮಗಳಿಗೆ ಹೇಳಿದೆ. ಅವಳು ಕೂಸಿನ ಪಕ್ಕ ಮಲಗಿಯೇ ದುಪ್ಪಟಿಯ ಮೇಲೆ ಬೆರಳಲ್ಲಿ ಬರೆದು ತೋರಿಸಿದಳು. ಸುದ್ದೆ ಅಂದರೆ ರಾಗಿ ತುಂಬಿದ ಗಡಿಗೆ ಇದ್ದ ಹಾಗೆ. ಗಡಿಗೆ ತುಂಬಿದೆ ಅನ್ನಿಸಿದರೂ ನೀರು ಹುಯ್ದರೆ ಹಿಡಿಯುತ್ತದೆ, ಕಾಳುಗಳ ಸಂದಿಯಲ್ಲಿ ಕೂರುತ್ತದೆ. ಕೆಳಗಿನ ಬಂಡೆಯಲ್ಲಿ ಅಂಥ ಸಂದಿ ಇಲ್ಲ, ಅಲ್ಲಲ್ಲಿ ಬಿರುಕು ಮಾತ್ರ. ಸುತ್ತಲಿನ ಬೋರುಗಳೆಲ್ಲ ಆ ಬಿರುಕುಗಳನ್ನೇ ಹೀರುತ್ತಿವೆ. ಹೀರಿ ಹೀರಿ ಕೆಳಗಿನ ಮನೆ ಖಾಲಿ.

“ಮ್ಯಾಲಿನ ಮನೆ, ಕೆಳಗಿನ ಮನೆ ಅಂದ್ಕ ಅವ್ವ. ಎರಡರ ನಡುವೆ ಬಂಡೆ ಮುಚ್ಚಳ ಇತ್ತು. ನಾವು ತೂತು ಮಾಡಿದ್ವಿ.”

“ಹಂಗಾರೆ ತೂತು ಮುಚ್ಚಿದ್ರೆ?”

“ಮುಚ್ಚಿದ್ರೆ ನಿಲ್ಬೇಕು. ಪುಸ್ತಕದಾಗೆ ನಿಲ್ತತೆ.” ಕೂಸಿನ ಕಡೆ ತಿರುಗಿ, “ಬಾವೀಲಿ ನಿಲ್ಸೋದು ನಿಮ್ಮಜ್ಜಿ ಕೆಲಸ ಕಣೆ,” ಎಂದಳು.

ನನ್ನ ಮಗಳು ನನಗೆ ಪಾಠ ಹೇಳಿದಳು ನೋಡಿ. ಎಷ್ಟೋ ವರ್ಷ ಸುದ್ದೆಯನ್ನು ಕೆರೆದ ಕೈ ನನ್ನದು, ಅದರ ಹೊಟ್ಟೆಯೊಳಗಿನ ಸಂಗತಿಯನ್ನು ದುಪ್ಪಟಿಯ ಮೇಲೆ ಕಂಡೆ. ಅವತ್ತು ಮೂರು ತಲೆಮಾರು ಒಂದೇ ಮಂಚದ ಮೇಲೆ ಕೂತು ನೀರಿನ ಮಾತಾಡಿದೆವು, ಒಬ್ಬಳು ಬರೀ ಬೊಚ್ಚು ಬಾಯಲ್ಲಿ.

ಮೈದುನನಿಗೆ ಹೇಳಿದಾಗ ಅವನು ಬೇರೆಯೇ ಹಾದಿ ಹಿಡಿದ. ಅವನ ಮಾತನ್ನೂ ತೆಗೆದುಹಾಕುವ ಹಾಗಿರಲಿಲ್ಲ. ತೂತು ಹೇಗೂ ಇದೆ, ಗಾಡಿಯೂ ಬರುತ್ತಿದೆ, ಅದನ್ನೇ ಇನ್ನೂ ಆಳಕ್ಕೆ ಇಳಿಸಿದರೆ ಕೆಳಗಿನ ಬಿರುಕಿನಲ್ಲಿ ನೀರು ಸಿಕ್ಕೀತು, ಗಿಡಗಳು ಈಗಲೇ ನೀರು ಕೇಳುತ್ತಿವೆ ಎಂದ. ತೂತಿಗೆ ಸಿಮೆಂಟು ಹಾಕಿ ಮುಚ್ಚಿಬಿಟ್ಟರೆ ಗಾಡಿಯವರು ಬಂದಾಗ ಏನು ಕೊರೆಯುವುದು? ಅಣ್ಣತಮ್ಮಂದಿರ ನಡುವೆ ಮಾತು ಬಿಸಿಯಾಯಿತು. ನಮ್ಮ ಅರ್ಧ ಪಾಲಿನಲ್ಲಿ ತೂತಿನ ಅರ್ಧ ಮುಚ್ಚಲು ಬರುವುದಿಲ್ಲವಲ್ಲ.

ಯಜಮಾನರು ಹೋಗಿ ಕಟ್ಟೆಯ ಮೇಲೆ ಕೂತರು. ಅವರ ಅಪ್ಪ ನಮ್ಮೂರ ಕೆರೆಯ ನೀರಗಂಟಿ. ಗದ್ದೆಗೆ ನೀರು ಬಿಡಲು ತೂಬಿನ ಗೂಟ ಎತ್ತುತ್ತಿದ್ದವರು, ಸಾಕಾದಾಗ ಇಳಿಸುತ್ತಿದ್ದವರು. ಆ ಗೂಟ ಹೇಗಿರುತ್ತದೆಂದರೆ, ಮೇಲೆ ದಪ್ಪ, ಕೆಳಗೆ ಸಣ್ಣ, ಜಾಲಿ ಮರದ್ದು. ಒಣಗಿದ್ದಾಗ ಸಲೀಸಾಗಿ ಇಳಿಯುತ್ತದೆ, ನೆನೆದು ಊದಿ ತೂತನ್ನು ತಬ್ಬಿ ಹಿಡಿಯುತ್ತದೆ. ಯಜಮಾನರು ಕೆರೆಯ ಕಡೆ ನೋಡುತ್ತಾ ಇದ್ದವರು ತಮ್ಮನ ಕಡೆ ತಿರುಗಿದರು.

“ಸಿಮೆಂಟು ಬ್ಯಾಡ. ತೂಬಿನ ಗೂಟ ಹಾಕಾಣ. ತಲೆಗೆ ಕಬ್ಬಿಣದ ಬಳೆ ಬಡಿದು ಸರಪಳಿ ಕಟ್ಟಿ ಮ್ಯಾಲೆ ಬಿಡ್ತೀನಿ. ಗಾಡಿ ಬರೋ ಹೊತ್ತಿಗೆ ನೀರು ನಿಂತಿರಲಿಲ್ಲ ಅಂದ್ರೆ, ನೀನೇ ಎಳ್ದು ಬಿಸಾಕು.”

“ಎಳೆದ್ರೆ ಬರ್ಬೇಕು, ಅಣ್ಣ.”

“ತೂಬು ಕಣಲೇ. ಮುಚ್ಚಾಕೂ ಬತ್ತತೆ, ತೆಗ್ಯಾಕೂ ಬತ್ತತೆ.”

ಮೈದುನ ಒಪ್ಪಿದ. ಸರಪಳಿಯ ತುದಿಯನ್ನು ತಾನೇ ತಂದು ಕಟ್ಟೆಯ ಕಲ್ಲಿಗೆ ಸುತ್ತಿದ. ಎಳೆಯುವ ಹಕ್ಕು ಕೈಯಲ್ಲಿದ್ದರೆ ಮನುಷ್ಯನಿಗೆ ಕಾಯುವ ತಾಳ್ಮೆ ಬರುತ್ತದೆ.

ಯಜಮಾನರು ಜಾಲಿಯ ದಿಮ್ಮಿಯನ್ನು ಬಾಚಿಯಲ್ಲಿ ಕೆತ್ತಿದರು. ಕೊಳವೆಯ ಬಾಯಿಯ ಅಳತೆಗೆ ಬಳ್ಳಿಯನ್ನು ಬಳೆ ಮಾಡಿ ತಂದಿದ್ದೆ. ಕೆತ್ತಿ, ಬಳೆ ತೊಡಿಸಿ ನೋಡಿ, ಮತ್ತೆ ಕೆತ್ತಿ. ಜಗುಲಿಯ ತುಂಬ ಕೆಂಪು ಚಕ್ಕೆ. ಕೂಸಿನ ತೊಟ್ಟಿಲು ಪಕ್ಕದಲ್ಲೇ ತೂಗುತ್ತಿತ್ತು. ಬಾಚಿಯ ಸದ್ದಿಗೆ ಅದು ಎಚ್ಚರಾಗುವುದಿರಲಿ, ಸದ್ದು ನಿಂತರೆ ಅಳುತ್ತಿತ್ತು. ಅದಕ್ಕಾಗಿ ಅಜ್ಜ ಬೇಡದ ಕೊರಡನ್ನೂ ಕೆತ್ತುತ್ತಾ ಕೂರುತ್ತಿದ್ದರು. ಕೆಲಸ ತಡವಾದದ್ದು ಅದರಿಂದಲೇ ಎಂದು ನಾನು ಈಗಲೂ ಹೇಳುತ್ತೇನೆ.

ಗೂಟಕ್ಕೆ ತೆಂಗಿನ ನಾರು ಸುತ್ತಿ, ಅದರ ಮೇಲೆ ಗೋಣಿ ಸುತ್ತಿ, ಕೊಳವೆಯ ಬಾಯಿಗೆ ಕೂರಿಸಿ ಸುತ್ತಿಗೆಯಿಂದ ಬಡಿದು ಇಳಿಸಿದೆವು. ಕಿವಿ ಇಟ್ಟು ಕೇಳಿದೆ. ಆಳದ ಶಂಖ ನಿಂತಿತ್ತು. ಮಾರನೆಯ ಬೆಳಿಗ್ಗೆ ತಳದಲ್ಲಿ ಬೆರಳಷ್ಟು ನೀರು. ನಾನು ಅದರಲ್ಲಿ ಕಾಲಾಡಿಸಿ ನಕ್ಕೆ. ಅದರ ಮಾರನೆಯ ದಿನಕ್ಕೂ ಅಷ್ಟೇ ನೀರು. ಮೂರನೆಯ ದಿನ ಅದೂ ಇಲ್ಲ.

ಯಜಮಾನರು ಬೀಡಿ ಹಚ್ಚಿದರು. ಮೈದುನ ಸರಪಳಿ ಮುಟ್ಟಿ ನೋಡಿದ, ಎಳೆಯಲಿಲ್ಲ, ಇನ್ನೂ ಗಾಡಿ ಬಂದಿರಲಿಲ್ಲ. ನಾನು ಮತ್ತೆ ಅರಿಸಿನ ತೆಗೆದುಕೊಂಡು ಇಳಿದೆ. ಈ ಸಲ ಪೂಜೆಗಲ್ಲ. ಗೂಟದ ಸುತ್ತ ಉದುರಿಸಿ ಕಾದೆ. ಗೂಟದ ಹತ್ತಿರ ಹಳದಿ ಅಲುಗಲಿಲ್ಲ. ಅದು ಬಿಗಿಯಾಗಿಯೇ ಇತ್ತು. ಆದರೆ ಕಬ್ಬಿಣದ ಕೊಳವೆಗೂ ಬಂಡೆಗೂ ನಡುವೆ, ಕೂದಲೆಳೆಯ ಸಂದಿಯಲ್ಲಿ, ಹಳದಿ ಸುತ್ತು ಹಾಕಿ ಇಳಿಯಿತು. ಬಾಗಿಲು ಹಾಕಿ ಚಿಲಕ ಜಡಿದಿದ್ದೆವು, ಬಾಗಿಲ ಚೌಕಟ್ಟೇ ಗೋಡೆ ಬಿಟ್ಟಿತ್ತು.

ಆ ಸಂದಿಗೆ ಏನು ತುಂಬುವುದು? ಆಳುಗಳು ಕಲ್ಲುಪುಡಿ ಅಂದರು, ತುಂಬಿದೆವು, ನೀರು ಅದರ ನಡುವೆಯೂ ಇಳಿಯಿತು. ನನಗೆ ಹೊಳೆದದ್ದು ಒಲೆಯ ಮುಂದೆ ಕೂತಾಗ. ಒಲೆಯನ್ನು ನಾವು ಕೆರೆಯ ಜೇಡಿಯಲ್ಲಿ ಕಟ್ಟುತ್ತೇವೆ. ಕೆರೆ ನೀರು ಹಿಡಿದು ನಿಲ್ಲುವುದೂ ಅದೇ ಜೇಡಿಯಿಂದ. ನೀರನ್ನು ಕೆರೆಯಲ್ಲಿ ತಡೆಯುವ ಮಣ್ಣು ಬಾವಿಯಲ್ಲಿ ತಡೆಯಲಾರದೇ? ಕೆರೆಯ ಅಂಚಿನಿಂದ ಜೇಡಿ ತಂದು, ಕಡ್ಡಿ ಕಲ್ಲು ಆರಿಸಿ, ನೆನೆಹಾಕಿ, ಕಾಲಲ್ಲಿ ತುಳಿದೆವು. ಜೇಡಿ ತುಳಿಯುವುದು ಎಂದರೆ ಅವಸರ ಮಾಡದ ಕೆಲಸ. ಹಿಮ್ಮಡಿ ಹಾಕಿ, ತಿರುಗಿಸಿ, ಮತ್ತೆ ಹಿಮ್ಮಡಿ. ಬೆಣ್ಣೆಯ ಹಾಗೆ ಬರುವ ತನಕ. ಉಂಡೆ ಮಾಡಿ ಬುಟ್ಟಿಯಲ್ಲಿ ಇಳಿಸಿ, ಕೊಳವೆಯ ಸುತ್ತ ಒಂದು ಪದರ ಹಾಕಿ ತುಳಿದು, ಅದರ ಮೇಲೆ ಇನ್ನೊಂದು ಪದರ, ಅದನ್ನೂ ತುಳಿದು. ಗೂಟದ ತಲೆ ಮಾತ್ರ ಹೊರಗೆ, ಬಳೆ ತೊಟ್ಟ ಕೈ ಮೇಲೆತ್ತಿದ ಹಾಗೆ. ಜೇಡಿಯ ಮೇಲೆ ಚಪ್ಪಟೆ ಕಲ್ಲು ಹೇರಿ ಮೇಲೆ ಬಂದೆ.

ಆಮೇಲೆ ಮಾಡುವ ಕೆಲಸ ಏನೂ ಇಲ್ಲ, ಕಾಯುವುದೇ. ಇದು ಎಲ್ಲಕ್ಕಿಂತ ಕಷ್ಟ. ಇಳಿದು ನೋಡೋಣವೆಂದರೆ ಯಜಮಾನರು, ಹೆಪ್ಪು ಹಾಕಿದ ಹಾಲನ್ನ ಅಲ್ಲಾಡ್ಸಬ್ಯಾಡ ಎಂದು ಬೈದರು. ಮೈದುನ ಮಾತ್ರ ದಿನಾ ಬೆಳಿಗ್ಗೆ ಗಿಡಗಳ ಕಡೆ ಹೋಗುವಾಗ ಕಟ್ಟೆಯ ಮೇಲೆ ನಿಂತು ಒಂದು ಬೆಣಚುಕಲ್ಲು ಒಳಗೆ ಬಿಡುತ್ತಿದ್ದ. ಟಕ್. ಜೇಡಿಯ ಮೇಲೆ ಹೇರಿದ ಕಲ್ಲಿಗೆ ಕಲ್ಲು. ನಾನು ದೂರದಲ್ಲಿ ಸೊಪ್ಪು ಬಿಡಿಸುತ್ತಾ ಆ ಸದ್ದಿಗೆ ಕಿವಿ ಕೊಡುತ್ತಿದ್ದೆ. ಟಕ್. ಮತ್ತೊಂದು ಬೆಳಿಗ್ಗೆ, ಟಕ್.

ಆ ದಿನಗಳು ನನಗೆ ಈಗ ಒಂದೇ ದಿನದ ಹಾಗೆ ನೆನಪಾಗುತ್ತವೆ. ಬೆಳಿಗ್ಗೆ ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕಿ, ಸಾಂಬ್ರಾಣಿ ಹೊಗೆ ತೋರಿಸಿ, ಅದು ಮಲಗಿದಾಗ ನಾನೂ ಪಕ್ಕದಲ್ಲಿ ಅಡ್ಡಾಗುತ್ತಿದ್ದೆ. ಕೂಸಿನ ಹೊಟ್ಟೆ ಏರಿ ಇಳಿಯುವುದು ನೋಡುತ್ತಾ ನೋಡುತ್ತಾ ನೆಲವೇ ಉಸಿರಾಡಿದ ಹಾಗೆ ಆಗುತ್ತಿತ್ತು. ಮಂಚದ ಕೆಳಗೆ ಮಣ್ಣು, ಮಣ್ಣಿನ ಕೆಳಗೆ ಗರಸು, ಸುದ್ದೆ, ಅಲ್ಲಿ ಕತ್ತಲಲ್ಲಿ ಯಾರೂ ನೋಡದಿದ್ದರೂ ಮುದುಕಿಯರು ನಡೆದೇ ಇದ್ದಾರೆ. ಬರ್ರವ್ವ, ನಿಧಾನಕ್ಕೇ ಬರ್ರಿ, ಬಾಗಿಲು ಹಾಕೀನಿ, ಕೂತ್ಕಳಾಕೆ ಜಾಗ ಮಾಡೀನಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಹಾಗೇ ನಿದ್ದೆ. ಎಚ್ಚರಾದಾಗ ಕೂಸು ನನ್ನ ಬೆರಳು ಹಿಡಿದುಕೊಂಡಿರುತ್ತಿತ್ತು. ಅದಕ್ಕಿಂತ ನನಗೇನು ಬೇಕು ಹೇಳಿ. ಆದರೂ ಬೇಕಿತ್ತು, ಒಂದು ಕೊಡ ನೀರು.

ಸಂಕ್ರಾಂತಿಗೆ ಎಳ್ಳು ಹುರಿಯುವ ಹೊತ್ತಿಗೆ ಗಾಡಿಯವರ ಫೋನು ಬಂತು, ಹೊಳಲ್ಕೆರೆ ಕೆಲಸ ಮುಗಿಯಿತು, ನಾಡಿದ್ದು ಬರುತ್ತೇವೆ ಎಂದು. ಮೈದುನ ಅದನ್ನು ನಮ್ಮ ಜಗುಲಿಗೆ ಬಂದು ಹೇಳಿದ, ಮುಚ್ಚಿಡಲಿಲ್ಲ. ಹೇಳಿ ಹೊಲದ ಕಡೆ ಹೋದ. ನಾನು ಬಾಣಲೆ ಇಳಿಸಿ ಅವನ ಹಿಂದೆಯೇ ಹೋದೆ. ಎಳೆಯುವುದಾದರೆ ನನ್ನ ಕಣ್ಣೆದುರಿಗೇ ಎಳೆಯಲಿ ಎಂದು.

ಅವನು ಕಟ್ಟೆಯ ಮೇಲೆ ನಿಂತ. ಅಭ್ಯಾಸದಂತೆ ಬೆಣಚುಕಲ್ಲು ಬಿಟ್ಟ.

ಡುಬುಕ್.

ಅವನು ಇನ್ನೊಂದು ಕಲ್ಲು ಆರಿಸಿದ, ಈ ಸಲ ಬೇರೆ ಮೂಲೆಗೆ ಬಿಟ್ಟ. ಡುಬುಕ್. ಕಟ್ಟೆಗೆ ಹೊಟ್ಟೆ ಆನಿಸಿ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಫೋನು ತೆಗೆದ. ಈ ಕಡೆ ಈಗ ಬ್ಯಾಡ, ಬೇರೆ ಕೆಲಸ ಇದ್ರೆ ನೋಡ್ಕಳ್ರಿ ಅಂದದ್ದು ಕೇಳಿಸಿತು. ನನ್ನ ಕಡೆ ತಿರುಗಿ, “ಅತ್ತಿಗೆ, ಎಳ್ಳು ಸೀದೋಗ್ತಾವೆ, ನಡಿ,” ಅಂದ.

ಗಿಡಗಳಿಗೆ ಸಣ್ಣ ಮೋಟರಿನಲ್ಲಿ ಸರದಿಯ ಮೇಲೆ ಎತ್ತುವುದು, ಮೋಟರಿನ ಕೊಳವೆಯನ್ನು ಬಾವಿಯ ಕೆಳಗಿನ ಮೆಟ್ಟಿಲಿನಿಂದ ಮೇಲೇ ಕಟ್ಟುವುದು, ಅದರ ಕೆಳಗಿನ ನೀರು ಬಾವಿಗೇ ಬಿಟ್ಟದ್ದು ಎಂದು ಅಣ್ಣತಮ್ಮಂದಿರು ಮಾತಾಡಿಕೊಂಡರು. ಹನಿ ನೀರಾವರಿಯಲ್ಲಿ ಅದು ಸಾಕಾಗುತ್ತಿದೆ. ಮಳೆ ಕೈಕೊಟ್ಟ ವರ್ಷ ಏನೋ, ಆಗ ನೋಡಿದರಾಯಿತು.

ಪೂಜೆಯ ದಿನ ಬೀಗಿತ್ತಿ ಬಬ್ಬೂರಿನಿಂದ ದೊಡ್ಡ ಕ್ಯಾನಿನಲ್ಲಿ ನೀರು ತುಂಬಿಸಿಕೊಂಡೇ ಬಂದಿದ್ದರು. ನಮ್ಮ ಮಾನ ಉಳಿಸಲೆಂದು, ಗುಟ್ಟಾಗಿ, ಸೀರೆಯ ಚೀಲದ ಹಿಂದೆ ಇಟ್ಟುಕೊಂಡು. ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ಒಳ್ಳೆಯ ಹೆಂಗಸು ಎಂದು ಮೊದಲೇ ಹೇಳಲಿಲ್ಲವೇ? ಕ್ಯಾನನ್ನು ಜಗುಲಿಯಲ್ಲಿ ಇಡಿಸಿ ಎಲ್ಲರನ್ನೂ ಹೊಲಕ್ಕೆ ಕರೆದುಕೊಂಡು ಹೋದೆ.

ಕಟ್ಟೆಯ ಮೇಲೆ ಕಲ್ಲಿಟ್ಟು ಮಗಳು ಅರಿಸಿನ ಹಚ್ಚಿದಳು, ಹೂವು ಏರಿಸಿದಳು, ನೆನೆಗಡಲೆ ಇಟ್ಟಳು. ಕೂಸು ನನ್ನ ಹೆಗಲ ಮೇಲೆ. ಕೊಡದ ಕುತ್ತಿಗೆಗೆ ಹಗ್ಗ ಬಿಗಿದು ರಾಟೆಯ ಮೇಲೆ ಇಳಿಬಿಟ್ಟಳು. ಕೊಡ ಹೋಗಿ ನೀರು ಮುಟ್ಟಿತು, ಮುಟ್ಟಿ ಹಾಗೇ ತೇಲುತ್ತಾ ನಿಂತಿತು. ಅವಳು ಹಗ್ಗ ಸಡಿಲ ಬಿಟ್ಟಳು, ಎಳೆದಳು, ಖಾಲಿ ಕೊಡ ಕುಣಿಯುತ್ತಾ ಮೇಲೆ ಬಂತು. ಬೀಗಿತ್ತಿ ನನ್ನ ಮುಖ ನೋಡಿದರು.

ನೀರಿನ ತಪ್ಪಲ್ಲ ಅದು. ನನ್ನ ಮಗಳು ನಲ್ಲಿಯ ಕಾಲದಲ್ಲಿ ಬೆಳೆದವಳು, ಬಾವಿ ಕೆಲಸದವರ ಮನೆಯಲ್ಲಿ ಹುಟ್ಟಿಯೂ ಒಂದು ಸಲವೂ ನೀರು ಸೇದಿದವಳಲ್ಲ. ಯಾಕೆಂದರೆ ಆ ಕಾಲದಲ್ಲಿ ಬಾವಿಯಲ್ಲಿ ನೀರೇ ಇರಲಿಲ್ಲ. ಕೊಡ ತಾನಾಗಿ ಮುಳುಗುವುದಿಲ್ಲ, ಅದನ್ನು ಮಗುಚಬೇಕು ಎಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರು?

ಕೂಸನ್ನು ಬೀಗಿತ್ತಿಯ ಕೈಗೆ ಕೊಟ್ಟೆ. ಮಗಳ ಹಿಂದೆ ನಿಂತು ಅವಳ ಮುಂಗೈ ಹಿಡಿದೆ. ಎಣ್ಣೆ, ಬೆಳ್ಳುಳ್ಳಿ, ಹಾಲು, ಬಾಣಂತಿಯ ವಾಸನೆ. ಹೀಗೆ, ಹಗ್ಗ ಒಂದು ಕಡೆಗೆ ಸರಿಸಿ, ಮಣಿಕಟ್ಟು ಒಂದೇ ಸಲ ಜಾಡಿಸಬೇಕು. ಜಾಡಿಸಿದೆವು. ಕೆಳಗೆ ಕೊಡ ಪಕ್ಕಕ್ಕೆ ವಾಲಿತು. ಗುಳುಗುಳು ಗುಳುಗುಳು ಎಂದು ನೀರು ಒಳಗೆ ನುಗ್ಗುವ ಸದ್ದು ಗೋಡೆಗೋಡೆಗೆ ತಾಗಿ ಮೇಲೆ ಬಂತು. ಬೀಗಿತ್ತಿಯ ತೋಳಿನಲ್ಲಿ ಕೂಸು ಕತ್ತು ಒಂದು ಕಡೆಗೆ ವಾಲಿಸಿತು. ನಾನು ಮಗಳ ಕೈ ಬಿಟ್ಟೆ.

ಅವಳು ಹಗ್ಗ ಎಳೆದಳು. ಒಂದು ಮೊಳ ಎಳೆದು ನಿಂತಳು. ತಿರುಗಿ ನೋಡಿದಳು. ಅವಳ ಮುಖ ನಾನು ಸಾಯುವ ತನಕ ಮರೆಯುವುದಿಲ್ಲ.

“ಅವ್ವ,” ಅಂದಳು, “ಹಗ್ಗ ಭಾರ ಆತು.”